ಫಿಟ್ನೆಸ್ ಟ್ರ್ಯಾಕರ್

ಫಿಟ್ನೆಸ್ ಟ್ರ್ಯಾಕರ್ ಎಂಬುದು ಧರಿಸಿದವರ ದೈಹಿಕ ಚಟುವಟಿಕೆಯನ್ನು ಅಳೆದು ದಾಖಲಿಸುವ ಚಿಕ್ಕ ವಿದ್ಯುನ್ಮಾನ ಸಾಧನ. ಇದನ್ನು ಚಟುವಟಿಕೆ ಮಾಪಕ ಎಂದೂ, ಆಡುಮಾತಿನಲ್ಲಿ ಫಿಟ್ನೆಸ್ ಬ್ಯಾಂಡ್ ಎಂದೂ ಕರೆಯುತ್ತಾರೆ. ಸಾಮಾನ್ಯವಾಗಿ ಇದು ಮಣಿಕಟ್ಟಿಗೆ ಕಟ್ಟುವ ಪಟ್ಟಿ, ಸ್ಮಾರ್ಟ್‌ವಾಚ್ ಅಥವಾ ಬೆರಳಿಗೆ ತೊಡುವ ಉಂಗುರದ ರೂಪದಲ್ಲಿರುತ್ತದೆ. ನಡೆದ ಹೆಜ್ಜೆಗಳು, ಕ್ರಮಿಸಿದ ದೂರ, ಹೃದಯ ಬಡಿತದ ದರ, ನಿದ್ರೆಯ ಅವಧಿ ಮತ್ತು ವ್ಯಯವಾದ ಕ್ಯಾಲೊರಿಗಳ ಅಂದಾಜನ್ನು ಇದು ನೀಡುತ್ತದೆ. ದಾಖಲಾದ ಮಾಹಿತಿ ಬ್ಲೂಟೂತ್ ಮೂಲಕ ಮೊಬೈಲ್ ಫೋನಿನ ಆ್ಯಪ್‌ಗೆ ವರ್ಗಾವಣೆಯಾಗುತ್ತದೆ.

ಈ ಸಾಧನವು ಎಲ್ಲ ಅಂಶಗಳನ್ನೂ ಸಮಾನ ನಿಖರತೆಯಿಂದ ಅಳೆಯುವುದಿಲ್ಲ. ಹೆಜ್ಜೆಗಳ ಎಣಿಕೆ ಮತ್ತು ವಿಶ್ರಾಂತಿಯಲ್ಲಿರುವಾಗಿನ ಹೃದಯ ಬಡಿತ ಬಹುಮಟ್ಟಿಗೆ ವಿಶ್ವಾಸಾರ್ಹ. ಕ್ಯಾಲೊರಿ ಮತ್ತು ನಿದ್ರೆಯ ಹಂತಗಳು ಲೆಕ್ಕಾಚಾರದಿಂದ ಪಡೆದ ಅಂದಾಜುಗಳು. ಟ್ರ್ಯಾಕರ್ ಧರಿಸಿದವರು ಸರಾಸರಿಯಾಗಿ ಹೆಚ್ಚು ನಡೆಯುತ್ತಾರೆ ಎಂದು ಅಧ್ಯಯನಗಳು ತೋರಿಸಿವೆ. ಆದರೆ ತೂಕ ಇಳಿಕೆಯಂತಹ ಫಲಿತಾಂಶಗಳಲ್ಲಿ ಅದರ ಪ್ರಭಾವ ಅಲ್ಪ. ಆದ್ದರಿಂದ ಇಂತಹ ಸಾಧನವನ್ನು ಕೊಳ್ಳುವುದು ಪ್ರಯೋಜನಕರವೇ ಎಂಬ ಪ್ರಶ್ನೆಗೆ ಉತ್ತರವು ಕೊಳ್ಳುವವರ ವೃತ್ತಿ, ಆರೋಗ್ಯ ಸ್ಥಿತಿ ಮತ್ತು ಉದ್ದೇಶವನ್ನು ಅವಲಂಬಿಸಿದೆ.

ಇತಿಹಾಸ

ಹೆಜ್ಜೆಗಳನ್ನು ಎಣಿಸುವ ಯಾಂತ್ರಿಕ ಸಾಧನಗಳಾದ ಪೆಡೋಮೀಟರ್‌ಗಳು ಇಂದಿನ ಟ್ರ್ಯಾಕರ್‌ಗಳ ಪೂರ್ವಜರು. ಟೋಕಿಯೊ ಒಲಿಂಪಿಕ್ಸ್‌ನ ಮರುವರ್ಷ, ಅಂದರೆ 1965ರಲ್ಲಿ, ಜಪಾನಿನ ಯಮಾಸಾ ಸಂಸ್ಥೆಯು ಸೊಂಟಕ್ಕೆ ಸಿಕ್ಕಿಸುವ 'ಮಾನ್ಪೊ-ಕೇ' ಎಂಬ ಪೆಡೋಮೀಟರನ್ನು ಮಾರುಕಟ್ಟೆಗೆ ತಂದಿತು. ಈ ಹೆಸರಿಗೆ 'ಹತ್ತು ಸಾವಿರ ಹೆಜ್ಜೆಗಳ ಮಾಪಕ' ಎಂದು ಅರ್ಥ. ಫಿನ್ಲೆಂಡಿನ ಪೋಲಾರ್ ಸಂಸ್ಥೆಯು 1982ರಲ್ಲಿ ಕ್ರೀಡಾಪಟುಗಳಿಗಾಗಿ, ಎದೆಗೆ ಕಟ್ಟಿದ ಸಂವೇದಕದಿಂದ ಹೃದಯ ಬಡಿತವನ್ನು ನಿಸ್ತಂತು ವಿಧಾನದಲ್ಲಿ ಮಣಿಕಟ್ಟಿಗೆ ತಲುಪಿಸುವ ಸಾಧನವನ್ನು ಬಿಡುಗಡೆ ಮಾಡಿತು.

2007ರಲ್ಲಿ ಜೇಮ್ಸ್ ಪಾರ್ಕ್ ಮತ್ತು ಎರಿಕ್ ಫ್ರೀಡ್‌ಮನ್ ಅಮೆರಿಕದಲ್ಲಿ ಫಿಟ್‌ಬಿಟ್ ಸಂಸ್ಥೆಯನ್ನು ಸ್ಥಾಪಿಸಿದರು. ಬಟ್ಟೆಗೆ ಸಿಕ್ಕಿಸಿಕೊಳ್ಳುವ ಅದರ ಮೊದಲ ಟ್ರ್ಯಾಕರ್ 2009ರಲ್ಲಿ ಮಾರುಕಟ್ಟೆಗೆ ಬಂದಿತು. ನಂತರದ ವರ್ಷಗಳಲ್ಲಿ ಜಾಬೋನ್ ಅಪ್ (2011), ನೈಕಿ ಫ್ಯುಯೆಲ್‌ಬ್ಯಾಂಡ್ (2012), ಶಿಯೋಮಿ ಮಿ ಬ್ಯಾಂಡ್ (2014) ಮತ್ತು ಆ್ಯಪಲ್ ವಾಚ್ (2015) ಬಂದವು. ಅಗ್ಗದ ಬೆಲೆಯ ಮಿ ಬ್ಯಾಂಡ್, ಈ ಬಗೆಯ ಸಾಧನವನ್ನು ಭಾರತವೂ ಸೇರಿದಂತೆ ಅನೇಕ ದೇಶಗಳ ಮಧ್ಯಮ ವರ್ಗದ ಕೈಗೆಟುಕುವಂತೆ ಮಾಡಿತು. 2019ರಲ್ಲಿ ಗೂಗಲ್ ಸುಮಾರು 210 ಕೋಟಿ ಡಾಲರಿಗೆ ಫಿಟ್‌ಬಿಟ್ ಅನ್ನು ಕೊಳ್ಳುವುದಾಗಿ ಘೋಷಿಸಿತು. ಈ ಸ್ವಾಧೀನ ಪ್ರಕ್ರಿಯೆ ಜನವರಿ 2021ರಲ್ಲಿ ಪೂರ್ಣಗೊಂಡಿತು.

ಕರ್ನಾಟಕದಲ್ಲಿ

ಕರ್ನಾಟಕಕ್ಕೆ ಕೈಗಡಿಯಾರ ತಯಾರಿಕೆಯ ಹಳೆಯ ನಂಟಿದೆ. ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಗಡಿಯಾರ ಕಾರ್ಖಾನೆಯನ್ನು ಆರಂಭಿಸಿತು. ಮುಂದೆ ತುಮಕೂರಿನಲ್ಲಿಯೂ ಅದರ ಘಟಕ ಕಾರ್ಯನಿರ್ವಹಿಸಿತು. ಎಚ್.ಎಂ.ಟಿ. ವಾಚಸ್ ಅನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ಒಪ್ಪಿಗೆ ನೀಡಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಟೈಟಾನ್ ಸಂಸ್ಥೆಯು 2017ರಲ್ಲಿ ತನ್ನ ಫಾಸ್ಟ್‌ಟ್ರ್ಯಾಕ್ ಬ್ರ್ಯಾಂಡಿನಡಿ 'ರಿಫ್ಲೆಕ್ಸ್' ಎಂಬ ಫಿಟ್ನೆಸ್ ಪಟ್ಟಿಯನ್ನು ಬಿಡುಗಡೆ ಮಾಡಿತು. 2019ರಲ್ಲಿ ಮೋಹಿತ್ ಕುಮಾರ್ ಮತ್ತು ವತ್ಸಲ್ ಸಿಂಘಲ್ ಅವರು ಸ್ಥಾಪಿಸಿದ ಬೆಂಗಳೂರಿನ ಅಲ್ಟ್ರಾಹ್ಯೂಮನ್ ಸಂಸ್ಥೆಯು ಉಂಗುರದ ರೂಪದ ಟ್ರ್ಯಾಕರ್‌ಗಳನ್ನು ತಯಾರಿಸುತ್ತದೆ. 2008ರಲ್ಲಿ ಆರಂಭವಾದ ಬೆಂಗಳೂರಿನ ವಿಶ್ವ 10 ಕಿ.ಮೀ. ಓಟದಂತಹ ಸ್ಪರ್ಧೆಗಳು ಹವ್ಯಾಸಿ ಓಟಗಾರರ ಬಳಗವನ್ನು ಬೆಳೆಸಿದವು. ಟ್ರ್ಯಾಕರ್‌ಗಳ ಆರಂಭದ ಗ್ರಾಹಕರಲ್ಲಿ ಇಂಥ ಓಟಗಾರರೂ ಇದ್ದರು.

ಕಾರ್ಯವಿಧಾನ

ಟ್ರ್ಯಾಕರ್‌ನ ಮುಖ್ಯ ಭಾಗವೆಂದರೆ ವೇಗೋತ್ಕರ್ಷ ಮಾಪಕ. ಇದು ಮೂರು ದಿಕ್ಕುಗಳಲ್ಲಿ ಉಂಟಾಗುವ ಚಲನೆಯ ಬದಲಾವಣೆಯನ್ನು ಗ್ರಹಿಸುತ್ತದೆ. ನಡೆಯುವಾಗ ಕೈ ಲಯಬದ್ಧವಾಗಿ ಬೀಸುತ್ತದೆ. ಈ ಲಯದ ಮಾದರಿಯನ್ನು ಸಾಧನದ ತಂತ್ರಾಂಶವು ಗುರುತಿಸಿ ಹೆಜ್ಜೆಯೆಂದು ಎಣಿಸುತ್ತದೆ. ಅಂದರೆ ಮಣಿಕಟ್ಟಿನ ಸಾಧನವು ಪಾದದ ಚಲನೆಯನ್ನು ನೇರವಾಗಿ ನೋಡುವುದಿಲ್ಲ, ಕೈಯ ಚಲನೆಯಿಂದ ಅದನ್ನು ಊಹಿಸುತ್ತದೆ.

ಹೃದಯ ಬಡಿತವನ್ನು ಅಳೆಯಲು ಸಾಧನದ ಹಿಂಭಾಗದಲ್ಲಿರುವ ಹಸಿರು ದೀಪಗಳು ಚರ್ಮದೊಳಕ್ಕೆ ಬೆಳಕನ್ನು ಹಾಯಿಸುತ್ತವೆ. ಪ್ರತಿ ಬಡಿತದಲ್ಲೂ ರಕ್ತನಾಳಗಳಲ್ಲಿ ರಕ್ತದ ಪ್ರಮಾಣ ಏರಿಳಿಯುವುದರಿಂದ ಹಿಂದಿರುಗುವ ಬೆಳಕಿನ ಪ್ರಮಾಣವೂ ಬದಲಾಗುತ್ತದೆ. ಈ ಏರಿಳಿತವನ್ನು ಎಣಿಸಿ ನಿಮಿಷಕ್ಕೆ ಎಷ್ಟು ಬಡಿತ ಎಂಬುದನ್ನು ಲೆಕ್ಕ ಹಾಕಲಾಗುತ್ತದೆ. ಈ ತಂತ್ರಕ್ಕೆ ಫೋಟೊಪ್ಲೆಥಿಸ್ಮೋಗ್ರಫಿ ಎಂದು ಹೆಸರು. ರಕ್ತದ ಆಮ್ಲಜನಕ ಮಟ್ಟವನ್ನು ಅಂದಾಜಿಸುವ ಸಾಧನಗಳಲ್ಲಿ ಕೆಂಪು ಮತ್ತು ಅವಕೆಂಪು ಬೆಳಕನ್ನು ಬಳಸಲಾಗುತ್ತದೆ.

ಕೆಲವು ಸಾಧನಗಳಲ್ಲಿ ಜಿ.ಪಿ.ಎಸ್. ಇದ್ದು, ಅವು ಕ್ರಮಿಸಿದ ದೂರವನ್ನು ನೇರವಾಗಿ ಅಳೆಯುತ್ತವೆ. ಅದಿಲ್ಲದ ಅಗ್ಗದ ಪಟ್ಟಿಗಳು ಹೆಜ್ಜೆಗಳ ಸಂಖ್ಯೆಯನ್ನು ಹೆಜ್ಜೆಯ ಸರಾಸರಿ ಉದ್ದದಿಂದ ಗುಣಿಸಿ ದೂರವನ್ನು ತಿಳಿಸುತ್ತವೆ, ಅಥವಾ ಜೊತೆಗಿರುವ ಫೋನಿನ ಜಿ.ಪಿ.ಎಸ್. ಅನ್ನು ಅವಲಂಬಿಸುತ್ತವೆ. ಕ್ಯಾಲೊರಿ ವ್ಯಯವನ್ನು ವಯಸ್ಸು, ಲಿಂಗ, ಎತ್ತರ, ತೂಕ, ಚಲನೆ ಮತ್ತು ಹೃದಯ ಬಡಿತಗಳನ್ನು ಸೂತ್ರವೊಂದಕ್ಕೆ ಅಳವಡಿಸಿ ಪಡೆಯಲಾಗುತ್ತದೆ. ನಿದ್ರೆಯನ್ನು ಚಲನೆಯ ಅಭಾವ ಮತ್ತು ಹೃದಯ ಬಡಿತದ ವ್ಯತ್ಯಾಸದಿಂದ ಊಹಿಸಲಾಗುತ್ತದೆ.

ಅಳತೆಗಳ ನಿಖರತೆ

ಹೆಜ್ಜೆಗಳು: ಸಮತಟ್ಟಾದ ನೆಲದಲ್ಲಿ ಸಾಮಾನ್ಯ ವೇಗದ ನಡಿಗೆಯಲ್ಲಿ ಹೆಜ್ಜೆಗಳ ಎಣಿಕೆ ಸಾಕಷ್ಟು ಸರಿಯಾಗಿರುತ್ತದೆ. ಬಹಳ ನಿಧಾನವಾಗಿ ನಡೆಯುವ ವೃದ್ಧರಲ್ಲಿ, ಊರುಗೋಲು ಬಳಸುವವರಲ್ಲಿ ಮತ್ತು ತಳ್ಳುಗಾಡಿ ಹಿಡಿದು ನಡೆಯುವವರಲ್ಲಿ ಮಣಿಕಟ್ಟಿನ ಸಾಧನಗಳು ಹೆಜ್ಜೆಗಳನ್ನು ಕಡಿಮೆ ಎಣಿಸುತ್ತವೆ. 2015ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ಅಧ್ಯಯನದಲ್ಲಿ 14 ಮಂದಿಯನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಪರೀಕ್ಷಿಸಲಾಯಿತು. ಜೇಬಿನಲ್ಲಿಟ್ಟ ಫೋನಿನ ಆ್ಯಪ್‌ಗಳ ಎಣಿಕೆಯು ನಿಜವಾದ ಸಂಖ್ಯೆಗಿಂತ ಸುಮಾರು ಶೇ 7ರೊಳಗೆ ಹೆಚ್ಚು ಕಡಿಮೆಯಾಗಿತ್ತು. ಧರಿಸುವ ಸಾಧನಗಳಲ್ಲಿ ಒಂದು ಶೇ 20ಕ್ಕಿಂತಲೂ ಕಡಿಮೆ ಎಣಿಸಿತ್ತು.

ಹೃದಯ ಬಡಿತ ಮತ್ತು ಕ್ಯಾಲೊರಿ: 2017ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಮಣಿಕಟ್ಟಿನ ಸಾಧನಗಳನ್ನು 60 ಸ್ವಯಂಸೇವಕರ ಮೇಲೆ ಪರೀಕ್ಷಿಸಿದರು. ಏಳರಲ್ಲಿ ಆರು ಸಾಧನಗಳು ಹೃದಯ ಬಡಿತವನ್ನು ಶೇ 5ಕ್ಕಿಂತ ಕಡಿಮೆ ದೋಷದೊಂದಿಗೆ ಅಳೆದವು. ಆದರೆ ಕ್ಯಾಲೊರಿ ವ್ಯಯವನ್ನು ಯಾವ ಸಾಧನವೂ ಸರಿಯಾಗಿ ತಿಳಿಸಲಿಲ್ಲ. ಅತ್ಯಂತ ನಿಖರವಾದ ಸಾಧನದ ಸರಾಸರಿ ದೋಷ ಶೇ 27, ಅತ್ಯಂತ ಕಳಪೆಯಾದುದರದು ಶೇ 93 ಇತ್ತು. ಸಾಧನ ತೋರಿಸಿದ ಕ್ಯಾಲೊರಿಯನ್ನು ನಂಬಿ ಅಷ್ಟೇ ಪ್ರಮಾಣದ ಆಹಾರವನ್ನು ಹೆಚ್ಚುವರಿಯಾಗಿ ಸೇವಿಸುವುದು ಈ ಕಾರಣದಿಂದ ದಾರಿ ತಪ್ಪಿಸಬಹುದು.

ಚರ್ಮದ ಬಣ್ಣ: ಕಪ್ಪು ಚರ್ಮದಲ್ಲಿರುವ ಮೆಲನಿನ್ ಬೆಳಕನ್ನು ಹೀರುವುದರಿಂದ ಅಳತೆ ತಪ್ಪಬಹುದೆಂಬ ಶಂಕೆ ಇದೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು 53 ಮಂದಿಯನ್ನು ಪರೀಕ್ಷಿಸಿದಾಗ ಹೃದಯ ಬಡಿತದ ಅಳತೆಯಲ್ಲಿ ಚರ್ಮದ ಬಣ್ಣದಿಂದ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ದೇಹ ಚಲಿಸುತ್ತಿರುವಾಗ ಮಾತ್ರ ವಿಶ್ರಾಂತಿಯ ಸ್ಥಿತಿಗಿಂತ ದೋಷವು ಶೇ 30ರಷ್ಟು ಹೆಚ್ಚಾಗಿತ್ತು. ಆಮ್ಲಜನಕದ ಅಳತೆಯ ವಿಷಯ ಬೇರೆ. ಅದೇ ವರ್ಷ ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ ಪ್ರಕಟವಾದ ಅಧ್ಯಯನವೊಂದು, ಆಸ್ಪತ್ರೆಯ ಪಲ್ಸ್ ಆಕ್ಸಿಮೀಟರ್‌ಗಳು ಸಹ ಕಪ್ಪು ವರ್ಣದ ರೋಗಿಗಳಲ್ಲಿ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಬಾರಿ ಗುರುತಿಸದೇ ಹೋಗಿದ್ದವೆಂದು ತಿಳಿಸಿತು.

ನಿದ್ರೆ: ಮಲಗಿದ ಹಾಗೂ ಎದ್ದ ಸಮಯವನ್ನು ಟ್ರ್ಯಾಕರ್‌ಗಳು ಸುಮಾರಾಗಿ ಗುರುತಿಸುತ್ತವೆ. ಎಚ್ಚರವಾಗಿದ್ದು ಅಲುಗಾಡದೆ ಮಲಗಿದ್ದರೆ ಅದನ್ನೂ ನಿದ್ರೆ ಎಂದು ಲೆಕ್ಕಿಸುವ ಸಾಧ್ಯತೆ ಇದೆ. ಗಾಢ ನಿದ್ರೆ, ಕನಸಿನ ನಿದ್ರೆ ಮುಂತಾದ ಹಂತಗಳನ್ನು ನಿಖರವಾಗಿ ತಿಳಿಯಲು ಮೆದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸುವ ಪರೀಕ್ಷೆ ಬೇಕಾಗುತ್ತದೆ. ಸಾಧನದ ನಿದ್ರಾ ಅಂಕಗಳನ್ನು ಕುರಿತು ಅತಿಯಾಗಿ ಚಿಂತಿಸಿ ನಿದ್ರೆ ಕೆಡಿಸಿಕೊಳ್ಳುವ ಪ್ರವೃತ್ತಿಗೆ ಸಂಶೋಧಕರು 2017ರಲ್ಲಿ 'ಆರ್ಥೊಸಾಮ್ನಿಯಾ' ಎಂಬ ಹೆಸರು ನೀಡಿದರು.

ಹತ್ತು ಸಾವಿರ ಹೆಜ್ಜೆಗಳ ಗುರಿ

ಅನೇಕ ಟ್ರ್ಯಾಕರ್‌ಗಳು ದಿನಕ್ಕೆ 10,000 ಹೆಜ್ಜೆಗಳನ್ನು ಗುರಿಯಾಗಿ ತೋರಿಸುತ್ತವೆ. ಈ ಸಂಖ್ಯೆ ವೈದ್ಯಕೀಯ ಸಂಶೋಧನೆಯಿಂದ ಬಂದುದಲ್ಲ. ಮಾನ್ಪೊ-ಕೇ ಪೆಡೋಮೀಟರಿನ ಹೆಸರಿನಿಂದ ಪ್ರಚಾರಕ್ಕೆ ಬಂದುದು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸರಾಸರಿ 72 ವರ್ಷ ವಯಸ್ಸಿನ 16,741 ಮಹಿಳೆಯರ ಹೆಜ್ಜೆಗಳನ್ನು ಅಳೆಯಲಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿ ಮರಣ ಪ್ರಮಾಣ ಕಡಿಮೆಯಿತ್ತು; ಸುಮಾರು 7,500 ಹೆಜ್ಜೆಗಳ ನಂತರ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ 15 ಅಧ್ಯಯನಗಳ ಸುಮಾರು 47,000 ವಯಸ್ಕರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯು, 60 ವರ್ಷ ಮೀರಿದವರಲ್ಲಿ 6,000ದಿಂದ 8,000 ಹೆಜ್ಜೆಗಳವರೆಗೆ, ಅದಕ್ಕಿಂತ ಕಿರಿಯರಲ್ಲಿ 8,000ದಿಂದ 10,000 ಹೆಜ್ಜೆಗಳವರೆಗೆ ಮರಣದ ಅಪಾಯ ಇಳಿಯುತ್ತಾ ಹೋಗುವುದನ್ನು ಗುರುತಿಸಿತು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ಹೆಜ್ಜೆಗಳ ಬದಲು ಸಮಯವನ್ನು ಲೆಕ್ಕಿಸುತ್ತದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ಅದು ಶಿಫಾರಸು ಮಾಡುತ್ತದೆ. ಇದನ್ನು ಪಾಲಿಸಲು ಸಾಮಾನ್ಯ ಗಡಿಯಾರ ಸಾಕು.

ಆರೋಗ್ಯದ ಮೇಲಿನ ಪರಿಣಾಮ

ಟ್ರ್ಯಾಕರ್ ಧರಿಸುವುದರಿಂದ ಆರೋಗ್ಯ ಸುಧಾರಿಸುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳು ಭಿನ್ನ ಉತ್ತರಗಳನ್ನು ನೀಡಿವೆ.

2007ರಲ್ಲಿ ಪ್ರಕಟವಾದ, ಸರಳ ಪೆಡೋಮೀಟರ್‌ಗಳನ್ನು ಕುರಿತ 26 ಅಧ್ಯಯನಗಳ ವಿಮರ್ಶೆಯು, ಅವುಗಳನ್ನು ಬಳಸಿದವರು ದಿನಕ್ಕೆ 2,000ಕ್ಕೂ ಹೆಚ್ಚು ಹೆಜ್ಜೆಗಳನ್ನು ಹೆಚ್ಚುವರಿಯಾಗಿ ನಡೆದರೆಂದು ತಿಳಿಸಿತು. ನಿರ್ದಿಷ್ಟ ಗುರಿಯನ್ನು ಇಟ್ಟುಕೊಂಡವರಲ್ಲಿ ಈ ಏರಿಕೆ ಸ್ಪಷ್ಟವಾಗಿ ಕಂಡಿತು. 2022ರಲ್ಲಿ ಪ್ರಕಟವಾದ ಇನ್ನೊಂದು ವ್ಯಾಪಕ ವಿಮರ್ಶೆಯು 39 ವಿಮರ್ಶೆಗಳನ್ನು ಒಟ್ಟಾಗಿ ಪರಿಶೀಲಿಸಿತು. ಅವುಗಳಲ್ಲಿ ಸುಮಾರು 1,64,000 ಮಂದಿ ಭಾಗವಹಿಸಿದ್ದರು. ಟ್ರ್ಯಾಕರ್ ಬಳಕೆಯಿಂದ ದಿನಕ್ಕೆ ಸುಮಾರು 1,800 ಹೆಜ್ಜೆಗಳ ಏರಿಕೆ ಮತ್ತು ಸುಮಾರು ಒಂದು ಕಿಲೋಗ್ರಾಂ ತೂಕದ ಇಳಿಕೆ ಆಗುತ್ತದೆಂದು ಅದು ಅಂದಾಜಿಸಿತು.

ಇದಕ್ಕೆ ವಿರುದ್ಧವಾದ ಫಲಿತಾಂಶಗಳೂ ಇವೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಎರಡು ವರ್ಷಗಳ ಪ್ರಯೋಗದಲ್ಲಿ ಅಧಿಕ ತೂಕದ ಯುವಜನರನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಎರಡೂ ಗುಂಪುಗಳಿಗೆ ಆಹಾರ ಮತ್ತು ವ್ಯಾಯಾಮದ ಸಲಹೆ ದೊರೆಯಿತು. ಒಂದಕ್ಕೆ ಧರಿಸುವ ಸಾಧನವನ್ನೂ ಕೊಡಲಾಯಿತು. ಸಾಧನವಿಲ್ಲದ ಗುಂಪು ಸರಾಸರಿ 5.9 ಕಿ.ಗ್ರಾಂ. ತೂಕ ಕಳೆದುಕೊಂಡರೆ, ಸಾಧನ ಧರಿಸಿದ ಗುಂಪು 3.5 ಕಿ.ಗ್ರಾಂ. ಮಾತ್ರ ಕಳೆದುಕೊಂಡಿತು. ಅದೇ ವರ್ಷ ಪ್ರಕಟವಾದ ಸಿಂಗಪುರದ ಪ್ರಯೋಗವೊಂದರಲ್ಲಿ 800 ಉದ್ಯೋಗಿಗಳು ಪಾಲ್ಗೊಂಡಿದ್ದರು. ನಗದು ಬಹುಮಾನ ನೀಡಿದಾಗ ಚಟುವಟಿಕೆ ಏರಿತಾದರೂ, ಬಹುಮಾನ ನಿಂತ ಮೇಲೆ ಆ ಏರಿಕೆ ಉಳಿಯಲಿಲ್ಲ; ವರ್ಷದ ಕೊನೆಗೆ ತೂಕ ಅಥವಾ ರಕ್ತದೊತ್ತಡದಲ್ಲಿ ಸುಧಾರಣೆ ಕಂಡುಬರಲಿಲ್ಲ.

ಒಟ್ಟಾರೆಯಾಗಿ, ಸಾಧನವು ನಡಿಗೆಯನ್ನು ನೆನಪಿಸುತ್ತದೆ ಮತ್ತು ಎಣಿಸುತ್ತದೆ. ಆಹಾರ ಕ್ರಮ, ವೈದ್ಯಕೀಯ ಸಲಹೆ ಮತ್ತು ಅಭ್ಯಾಸದ ಸ್ಥಾನವನ್ನು ಅದು ತುಂಬುವುದಿಲ್ಲ.

ಕೃಷಿ ಪ್ರದೇಶಗಳಲ್ಲಿ ಬಳಕೆ

ಟ್ರ್ಯಾಕರ್‌ಗಳನ್ನು ಮುಖ್ಯವಾಗಿ ಕುಳಿತು ಕೆಲಸ ಮಾಡುವ ನಗರವಾಸಿಗಳನ್ನು ಗಮನದಲ್ಲಿಟ್ಟು ವಿನ್ಯಾಸಗೊಳಿಸಲಾಗಿದೆ. ದೈಹಿಕ ಶ್ರಮವೇ ವೃತ್ತಿಯಾಗಿರುವ ಕಡೆ ಅವುಗಳ ಅಳತೆ ಮತ್ತು ಉಪಯುಕ್ತತೆ ಎರಡೂ ಬದಲಾಗುತ್ತವೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕಿನ ಕತ್ತಲಗೆರೆ ಇಂತಹ ಪ್ರದೇಶಕ್ಕೆ ಉದಾಹರಣೆ. ಭದ್ರಾ ಅಚ್ಚುಕಟ್ಟಿನಲ್ಲಿರುವ ಈ ಊರಿನಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವಿದೆ. ಸುತ್ತಲಿನ ಪ್ರದೇಶದಲ್ಲಿ ಭತ್ತ ಮತ್ತು ಅಡಿಕೆ ಪ್ರಮುಖ ಬೆಳೆಗಳು. ಅದೇ ಜಿಲ್ಲೆಯ ಜಗಳೂರು ತಾಲೂಕು ಮಳೆಯಾಶ್ರಿತ ಬೇಸಾಯದ ಬಯಲುಸೀಮೆ.

ಇಲ್ಲಿನ ಸಾಮಾನ್ಯ ಕೆಲಸಗಳನ್ನು ಮಣಿಕಟ್ಟಿನ ಸಂವೇದಕದ ಕಾರ್ಯವಿಧಾನದೊಂದಿಗೆ ಹೋಲಿಸಿದರೆ ಅದರ ಮಿತಿಗಳು ಸ್ಪಷ್ಟವಾಗುತ್ತವೆ. ಭತ್ತದ ನಾಟಿಯಲ್ಲಿ ಬೆನ್ನು ಬಾಗಿಸಿ, ಕೆಸರಿನಲ್ಲಿ ಹಿಂದಕ್ಕೆ ನಿಧಾನವಾಗಿ ಹೆಜ್ಜೆ ಇಡಲಾಗುತ್ತದೆ. ಶ್ರಮ ಅಧಿಕವಾದರೂ ನಡಿಗೆಯ ಲಯವಿಲ್ಲದ ಕಾರಣ ಹೆಜ್ಜೆಗಳು ಎಣಿಕೆಗೆ ಸಿಗದೇ ಹೋಗಬಹುದು. ತಲೆಯ ಮೇಲೆ ಹುಲ್ಲಿನ ಹೊರೆಯನ್ನು ಎರಡೂ ಕೈಗಳಿಂದ ಹಿಡಿದು ನಡೆಯುವಾಗ ಕೈ ಬೀಸುವುದಿಲ್ಲ. ಮತ್ತೊಂದೆಡೆ, ಒಂದೇ ಕಡೆ ಕುಳಿತು ಕತ್ತಿಯಿಂದ ಅಡಿಕೆ ಸುಲಿಯುವವರ ಕೈ ಒಂದೇ ಲಯದಲ್ಲಿ ಚಲಿಸುತ್ತಿರುತ್ತದೆ. ಸಾಧನವು ಇದನ್ನು ಹೆಜ್ಜೆಗಳೆಂದು ಭಾವಿಸುವ ಸಾಧ್ಯತೆ ಇದೆ. ಪವರ್ ಟಿಲ್ಲರ್ ಹಾಗೂ ಟ್ರ್ಯಾಕ್ಟರ್‌ಗಳ ಅದುರುವಿಕೆಯೂ ಎಣಿಕೆಯನ್ನು ಕೆಡಿಸಬಲ್ಲದು. ಹೀಗಾಗಿ ದಿನದ ಕೊನೆಗೆ ಪರದೆಯಲ್ಲಿ ಕಾಣುವ ಸಂಖ್ಯೆಯು ಮಾಡಿದ ದುಡಿಮೆಯ ಅಳತೆಯಾಗಿರಬೇಕಿಲ್ಲ.

ಉಪಯುಕ್ತತೆಯ ದೃಷ್ಟಿಯಿಂದಲೂ ವ್ಯತ್ಯಾಸವಿದೆ. ದಿನವಿಡೀ ಗದ್ದೆ ಅಥವಾ ತೋಟದಲ್ಲಿ ದುಡಿಯುವವರಿಗೆ ಇನ್ನಷ್ಟು ನಡೆಯಲು ನೆನಪಿಸುವ ಸಾಧನದಿಂದ ದೊರೆಯುವ ಲಾಭ ಅತ್ಯಲ್ಪ. ಅವರಿಗೆ ವಿಶ್ರಾಂತಿ, ನೀರು ಮತ್ತು ಆಹಾರ ಮುಖ್ಯ. ಅದೇ ಊರಿನ ಅಂಗಡಿ ವ್ಯಾಪಾರಿ, ಕಚೇರಿ ನೌಕರ, ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿ ಅಥವಾ ಬೇಸಾಯವನ್ನು ಮಕ್ಕಳಿಗೆ ವಹಿಸಿ ಮನೆಯಲ್ಲಿರುವ ಮಧುಮೇಹಿಗೆ ಸಾಧನ ನೆರವಾಗಬಹುದು. ಮಧುಮೇಹವು ನಗರಕ್ಕೆ ಸೀಮಿತವಾದ ರೋಗವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ.

ಹೊಲದ ಕೆಲಸದಲ್ಲಿ ಸಾಧನ ಧರಿಸುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕಾಗುತ್ತದೆ. ಒಕ್ಕಣೆ ಯಂತ್ರ, ಅಡಿಕೆ ಸುಲಿಯುವ ಯಂತ್ರ ಮುಂತಾದ ತಿರುಗುವ ಭಾಗಗಳಿರುವ ಯಂತ್ರಗಳ ಬಳಿ ಮಣಿಕಟ್ಟಿನ ಪಟ್ಟಿ ಮತ್ತು ಉಂಗುರಗಳು ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅವುಗಳನ್ನು ತೆಗೆದಿಡುವುದು ಸುರಕ್ಷಿತ. ಕೀಟನಾಶಕ ಸಿಂಪಡಿಸುವಾಗ ಪಟ್ಟಿಯ ಅಡಿಯಲ್ಲಿ ರಾಸಾಯನಿಕ ನಿಂತು ಚರ್ಮಕ್ಕೆ ತಾಗುತ್ತಿರಬಹುದು. ಬೆವರು ಮತ್ತು ಒದ್ದೆಯಿಂದಲೂ ಚರ್ಮ ಕೆರಳಬಹುದಾದ್ದರಿಂದ ಪಟ್ಟಿಯನ್ನು ಆಗಾಗ ಬಿಚ್ಚಿ ತೊಳೆದು ಒಣಗಿಸಬೇಕು.

ವೈದ್ಯಕೀಯ ಮಿತಿಗಳು

ಸಾಮಾನ್ಯ ಫಿಟ್ನೆಸ್ ಟ್ರ್ಯಾಕರ್ ರೋಗನಿದಾನದ ಸಾಧನವಲ್ಲ. ಕೆಲವು ಮಾದರಿಗಳ ನಿರ್ದಿಷ್ಟ ಸೌಲಭ್ಯಗಳಿಗೆ ಮಾತ್ರ ಔಷಧ ನಿಯಂತ್ರಣ ಸಂಸ್ಥೆಗಳ ಅನುಮತಿ ಇರುತ್ತದೆ. 2018ರಲ್ಲಿ ಆ್ಯಪಲ್ ವಾಚ್‌ನ ಇ.ಸಿ.ಜಿ. ಸೌಲಭ್ಯಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅನುಮತಿ ನೀಡಿತು. 2019ರಲ್ಲಿ ಪ್ರಕಟವಾದ ಆ್ಯಪಲ್ ಹಾರ್ಟ್ ಅಧ್ಯಯನದಲ್ಲಿ 4,19,297 ಮಂದಿ ಪಾಲ್ಗೊಂಡಿದ್ದು, ಅವರಲ್ಲಿ ಶೇ 0.52ರಷ್ಟು ಜನರಿಗೆ ಅನಿಯಮಿತ ನಾಡಿಯ ಸೂಚನೆ ಬಂದಿತು. ಸೂಚನೆ ಬಂದ ನಂತರ ಇ.ಸಿ.ಜಿ. ಪಟ್ಟಿ ಧರಿಸಿ ಹಿಂದಿರುಗಿಸಿದ 450 ಮಂದಿಯಲ್ಲಿ ಶೇ 34ರಷ್ಟು ಜನರಲ್ಲಿ ಹೃತ್ಕರ್ಣದ ಕಂಪನ ಎಂಬ ತೊಂದರೆ ಪತ್ತೆಯಾಯಿತು.

ಸೂಜಿ ಚುಚ್ಚದೆ ರಕ್ತದ ಸಕ್ಕರೆಯನ್ನು ಅಳೆಯುವುದಾಗಿ ಹೇಳಿಕೊಳ್ಳುವ ಕೈಗಡಿಯಾರಗಳು ಮಾರುಕಟ್ಟೆಯಲ್ಲಿವೆ. ಅಂತಹ ಯಾವ ಗಡಿಯಾರಕ್ಕೂ ಅಥವಾ ಉಂಗುರಕ್ಕೂ ತಾನು ಅನುಮತಿ ನೀಡಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಫೆಬ್ರವರಿ 2024ರಲ್ಲಿ ಎಚ್ಚರಿಸಿತು. ತಪ್ಪಾದ ಸಕ್ಕರೆ ಮಟ್ಟವನ್ನು ನಂಬಿ ಇನ್ಸುಲಿನ್ ಅಥವಾ ಮಾತ್ರೆಗಳ ಪ್ರಮಾಣವನ್ನು ಬದಲಿಸುವುದು ಪ್ರಾಣಾಪಾಯಕ್ಕೆ ಎಡೆಮಾಡಬಹುದು. ರಕ್ತದೊತ್ತಡದ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಸ್ಯಾಮ್‌ಸಂಗ್ ಗಡಿಯಾರಗಳಲ್ಲಿನ ರಕ್ತದೊತ್ತಡ ಸೌಲಭ್ಯವನ್ನು ಸಹ ತೋಳಿಗೆ ಕಟ್ಟುವ ಮಾಪಕದೊಂದಿಗೆ ನಾಲ್ಕು ವಾರಗಳಿಗೊಮ್ಮೆ ಸರಿಹೊಂದಿಸಬೇಕು. ಅಂದರೆ ಗಡಿಯಾರದೊಂದಿಗೆ ಮಾಪಕವೂ ಬೇಕಾಗುತ್ತದೆ.

ಎದೆನೋವು, ಉಸಿರಾಟದ ತೊಂದರೆ ಅಥವಾ ಪ್ರಜ್ಞೆ ತಪ್ಪುವಂತಹ ಲಕ್ಷಣಗಳು ಕಂಡಾಗ ಸಾಧನದಲ್ಲಿ ತೋರುವ ಸಂಖ್ಯೆ ಸಹಜವಾಗಿದ್ದರೂ ಕಾಯಬಾರದು. ಕರ್ನಾಟಕದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಸೇವೆ ಪಡೆಯಬಹುದು.

ವೆಚ್ಚ ಮತ್ತು ಬಾಳಿಕೆ

ಭಾರತದಲ್ಲಿ ಸರಳ ಫಿಟ್ನೆಸ್ ಪಟ್ಟಿಗಳು ಒಂದೆರಡು ಸಾವಿರ ರೂಪಾಯಿಗಳಿಗೆ ದೊರೆಯುತ್ತವೆ. ಉಂಗುರಗಳು ಮತ್ತು ಉನ್ನತ ಶ್ರೇಣಿಯ ಗಡಿಯಾರಗಳ ಬೆಲೆ ಹತ್ತಾರು ಸಾವಿರ ರೂಪಾಯಿ. ಕೆಲವು ಸಂಸ್ಥೆಗಳು ಪೂರ್ಣ ಮಾಹಿತಿಯನ್ನು ಪಡೆಯಲು ತಿಂಗಳ ಅಥವಾ ವರ್ಷದ ಚಂದಾ ವಿಧಿಸುತ್ತವೆ. ಹೆಚ್ಚಿನ ಸಾಧನಗಳ ಬ್ಯಾಟರಿಯನ್ನು ಬಳಕೆದಾರರು ಬದಲಿಸಲಾಗದು. ಅದರ ಸಾಮರ್ಥ್ಯ ಕುಂದಿದಾಗ ಸಾಧನವನ್ನೇ ಬದಲಿಸಬೇಕಾಗುತ್ತದೆ. ಹೀಗಾಗಿ ಸಾಧನದ ನಿಜವಾದ ವೆಚ್ಚವು ಅಂಗಡಿಯಲ್ಲಿ ಕೊಟ್ಟ ಬೆಲೆಗಿಂತ ಹೆಚ್ಚಾಗಿರಬಹುದು.

ಟ್ರ್ಯಾಕರ್‌ನ ಬಾಳಿಕೆಯು ಅದನ್ನು ತಯಾರಿಸಿದ ಸಂಸ್ಥೆಯ ಆ್ಯಪ್ ಮತ್ತು ಸರ್ವರ್‌ಗಳನ್ನೂ ಅವಲಂಬಿಸಿದೆ. ಬೇಸಿಸ್ ಪೀಕ್ ಎಂಬ ಗಡಿಯಾರವು ಅತಿಯಾಗಿ ಬಿಸಿಯಾಗುತ್ತಿದ್ದ ಕಾರಣ 2016ರಲ್ಲಿ ಇಂಟೆಲ್ ಸಂಸ್ಥೆಯು ಅದನ್ನು ಹಿಂಪಡೆದು, ಅದರ ಸೇವೆಯನ್ನೂ ನಿಲ್ಲಿಸಿತು. ಜಾಬೋನ್ ಸಂಸ್ಥೆಯು 2017ರಲ್ಲಿ ಮುಚ್ಚಿತು. ಮೈಕ್ರೋಸಾಫ್ಟ್ ಬ್ಯಾಂಡಿನ ಆನ್‌ಲೈನ್ ಸೇವೆಯು ಮೇ 2019ರಲ್ಲಿ ಕೊನೆಗೊಂಡಿತು. ಗಡಿಯಾರದ ಯಂತ್ರಭಾಗ ಕೆಡದಿದ್ದರೂ ಸೇವೆ ನಿಂತರೆ ಅದರ ಮುಖ್ಯ ಉಪಯೋಗ ನಿಲ್ಲುತ್ತದೆ. ಹಲವು ವರ್ಷ ಕೀಲಿ ಕೊಟ್ಟು ಓಡಿಸಬಹುದಾಗಿದ್ದ ಹಳೆಯ ಎಚ್.ಎಂ.ಟಿ. ಗಡಿಯಾರಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು.

ಬಳಕೆದಾರರ ಆಸಕ್ತಿಯೂ ಶಾಶ್ವತವಲ್ಲ. ಎಂಡೆವರ್ ಪಾರ್ಟ್ನರ್ಸ್ ಎಂಬ ಸಂಸ್ಥೆಯು 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಮೆರಿಕದಲ್ಲಿ ಟ್ರ್ಯಾಕರ್ ಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಆರು ತಿಂಗಳೊಳಗೆ ಅದರ ಬಳಕೆಯನ್ನು ನಿಲ್ಲಿಸಿದ್ದರು.

ಖಾಸಗಿತನ

ಟ್ರ್ಯಾಕರ್ ಸಂಗ್ರಹಿಸುವ ಹೃದಯ ಬಡಿತ, ನಿದ್ರೆ, ಋತುಚಕ್ರ ಮತ್ತು ಓಡಾಟದ ವಿವರಗಳು ವೈಯಕ್ತಿಕ ಸ್ವರೂಪದವು. ಸಾಮಾನ್ಯವಾಗಿ ಇವು ತಯಾರಕರ ಸರ್ವರ್‌ಗಳಲ್ಲಿ ಶೇಖರವಾಗುತ್ತವೆ. ಸ್ಟ್ರಾವಾ ಆ್ಯಪ್ ಬಳಕೆದಾರರ ಓಟದ ದಾರಿಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಜಾಗತಿಕ ನಕ್ಷೆಯಿಂದ ಹಲವು ಸೇನಾ ನೆಲೆಗಳ ವಿವರ ಗುರುತಿಸಬಹುದಾಗಿದೆ ಎಂಬುದು ಜನವರಿ 2018ರಲ್ಲಿ ಬೆಳಕಿಗೆ ಬಂದಿತು. ಭಾರತದಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಲಾಯಿತು. ಆ್ಯಪ್ ಕೇಳುವ ಅನುಮತಿಗಳಲ್ಲಿ ಸಂಪರ್ಕಗಳ ಪಟ್ಟಿ ಮುಂತಾದ ಅನಗತ್ಯವಾದವುಗಳನ್ನು ನಿರಾಕರಿಸಲು ಬಳಕೆದಾರರಿಗೆ ಅವಕಾಶವಿರುತ್ತದೆ.

ಪರ್ಯಾಯಗಳು

ಇತ್ತೀಚಿನ ಬಹುತೇಕ ಸ್ಮಾರ್ಟ್‌ಫೋನ್‌ಗಳಲ್ಲಿ ವೇಗೋತ್ಕರ್ಷ ಮಾಪಕವಿದ್ದು, ಜೇಬಿನಲ್ಲಿಟ್ಟುಕೊಂಡು ನಡೆದರೆ ಹೆಜ್ಜೆಗಳನ್ನು ಎಣಿಸಬಲ್ಲವು. ಕೇಂದ್ರ ಸರ್ಕಾರವು 29 ಆಗಸ್ಟ್ 2019ರಂದು ಆರಂಭಿಸಿದ ಫಿಟ್ ಇಂಡಿಯಾ ಆಂದೋಲನದ ಉಚಿತ ಆ್ಯಪ್ 2021ರಲ್ಲಿ ಬಿಡುಗಡೆಯಾಯಿತು. ಬೆರಳುಗಳನ್ನು ಮಣಿಕಟ್ಟಿನ ಮೇಲಿಟ್ಟು 30 ಸೆಕೆಂಡುಗಳ ಕಾಲ ನಾಡಿಯನ್ನು ಎಣಿಸಿ ಎರಡರಿಂದ ಗುಣಿಸಿದರೆ ಹೃದಯ ಬಡಿತದ ದರ ತಿಳಿಯುತ್ತದೆ. ನಡಿಗೆಯ ತೀವ್ರತೆಯನ್ನು ಮಾತಿನಿಂದಲೂ ಪರೀಕ್ಷಿಸಬಹುದು: ನಡೆಯುತ್ತಾ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದರೆ ಅದು ಮಧ್ಯಮ ಪ್ರಮಾಣದ ಚಟುವಟಿಕೆ.

ಕೊಳ್ಳುವ ನಿರ್ಧಾರ

ಮೇಲಿನ ಅಂಶಗಳ ಆಧಾರದ ಮೇಲೆ ಕೊಳ್ಳುವ ಮುನ್ನ ಪರಿಶೀಲಿಸಬೇಕಾದ ವಿಷಯಗಳನ್ನು ಹೀಗೆ ಸಂಗ್ರಹಿಸಬಹುದು.

ಉದ್ದೇಶ: ಹೆಚ್ಚು ನಡೆಯುವುದಷ್ಟೇ ಗುರಿಯಾಗಿದ್ದರೆ ಫೋನ್ ಅಥವಾ ಸರಳ ಪಟ್ಟಿ ಸಾಕು. ಓಟದ ತರಬೇತಿ ಪಡೆಯುವವರಿಗೆ ಜಿ.ಪಿ.ಎಸ್. ಹಾಗೂ ನಿರಂತರ ಹೃದಯ ಬಡಿತದ ಅಳತೆ ಉಪಯುಕ್ತ. ತೂಕ ಇಳಿಸುವುದೊಂದೇ ಉದ್ದೇಶವಾಗಿದ್ದರೆ ಸಾಧನದಿಂದ ಹೆಚ್ಚಿನ ನಿರೀಕ್ಷೆ ಸಲ್ಲದು.

ಆರೋಗ್ಯ ಸ್ಥಿತಿ: ರಕ್ತದೊತ್ತಡವಿರುವವರಿಗೆ ತೋಳಿಗೆ ಕಟ್ಟುವ ಡಿಜಿಟಲ್ ಮಾಪಕ ಮತ್ತು ಮಧುಮೇಹಿಗಳಿಗೆ ಗ್ಲುಕೋಮೀಟರ್ ಮೊದಲ ಆದ್ಯತೆಯಾಗಬೇಕು. ಹಣವಿರುವುದು ಒಂದು ಸಾಧನಕ್ಕೆ ಮಾತ್ರವಾದರೆ ಟ್ರ್ಯಾಕರ್ ಎರಡನೆಯದು. ಹೃದಯದ ತೊಂದರೆ ಇರುವವರು ಗುರಿಯನ್ನು ವೈದ್ಯರೊಂದಿಗೆ ಚರ್ಚಿಸಿ ನಿಗದಿಪಡಿಸಬೇಕು.

ವೃತ್ತಿ: ಕುಳಿತು ಕೆಲಸ ಮಾಡುವವರಿಗೆ ಸಾಧನದ ಪ್ರಯೋಜನ ಹೆಚ್ಚು, ದೈಹಿಕ ಶ್ರಮದ ವೃತ್ತಿಯವರಿಗೆ ಕಡಿಮೆ.

ವೆಚ್ಚ ಮತ್ತು ಸೇವೆ: ಚಂದಾ, ಬ್ಯಾಟರಿಯ ಅವಧಿ, ನೀರು ನಿರೋಧಕತೆ, ಖಾತರಿ, ಹತ್ತಿರದ ಸೇವಾ ಕೇಂದ್ರ ಮತ್ತು ಹೊಂದಿರುವ ಫೋನಿನಲ್ಲಿ ಆ್ಯಪ್ ಕೆಲಸ ಮಾಡುತ್ತದೆಯೇ ಎಂಬುದನ್ನು ಮೊದಲೇ ತಿಳಿಯಬೇಕು. ಚಿಕ್ಕ ಊರುಗಳಲ್ಲಿರುವವರಿಗೆ ಸೇವಾ ಕೇಂದ್ರದ ದೂರವೂ ಬೆಲೆಯ ಒಂದು ಭಾಗ.

ಅಭ್ಯಾಸ: ಫೋನಿನ ಆ್ಯಪ್ ಬಳಸಿ ಒಂದು ತಿಂಗಳ ಕಾಲ ಪ್ರತಿದಿನ ನಡಿಗೆಯನ್ನು ದಾಖಲಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಆ ಅವಧಿಯಲ್ಲಿ ಸಂಖ್ಯೆಯನ್ನು ನೋಡಿ ನಡಿಗೆ ಹೆಚ್ಚಿದ್ದರೆ ಧರಿಸುವ ಸಾಧನದಿಂದಲೂ ಪ್ರಯೋಜನವಾಗುವ ಸಂಭವವಿದೆ. ಮೊದಲ ವಾರದಲ್ಲಿಯೇ ದಾಖಲಿಸುವುದು ನಿಂತುಹೋಗಿದ್ದರೆ, ಕೊಂಡ ಸಾಧನವೂ ಬಳಕೆಯಾಗದೆ ಉಳಿಯುವ ಸಾಧ್ಯತೆ ಹೆಚ್ಚು.